‘ಅಡ್ರೆಸ್ ಕಾನ್‌ಫ್ಲಿಕ್ಟ್’: ಸಂಘರ್ಷವೇ, ಒತ್ತುವರಿಯೇ?

ಎಲ್ಲರಿಗೂ ನಮಸ್ಕಾರ.

ಹಳೆಯ ಕಂಪ್ಯೂಟರ್‌ಗಳ ರಿಪೇರಿ ಕುರಿತ ಕೈಪಿಡಿಯೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕಂಪ್ಯೂಟರ್‌ನೊಳಗಿನ ಎರಡು ಕಾರ್ಡ್‌ಗಳಿಗೆ ಒಂದೇ ಅಡ್ರೆಸ್ (ಪ್ರೊಸೆಸರ್ ಕಾರ್ಡನ್ನು ಕರೆಯುವ ಸಂಖ್ಯೆ) ಬೀಳುವ ‘ಅಡ್ರೆಸ್ ಕಾನ್‌ಫ್ಲಿಕ್ಟ್’ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ. ಮೊದಲು ‘ವಿಳಾಸ ಸಂಘರ್ಷ’ ಅಂತ ಬರೆದೆ. ಮನಸ್ಸು ಒಪ್ಪಲಿಲ್ಲ.

ಸಂಘರ್ಷ ಅಂದರೆ ಎರಡು ಕಡೆಗೂ ಹಟ ಇರಬೇಕು, ಅಲ್ವಾ? ಐಎಸ್ಎ ಸ್ಲಾಟ್‌ಗಳಲ್ಲಿ (ಹಳೆಯ ಪಿಸಿಗಳಲ್ಲಿ ಕಾರ್ಡ್ ಸಿಕ್ಕಿಸುವ ಜಾಗಗಳಲ್ಲಿ) ಕೂತ ಎರಡು ಕಾರ್ಡ್‌ಗಳಿಗೆ ಒಂದರ ಸುದ್ದಿ ಇನ್ನೊಂದಕ್ಕೆ ಗೊತ್ತೇ ಇರುವುದಿಲ್ಲ. ಪ್ರೊಸೆಸರ್ ಒಂದು ಅಡ್ರೆಸ್ ಕರೆದರೆ ಎರಡೂ ‘ಓ’ ಅನ್ನುತ್ತವೆ. ಬಂದ ಡೇಟಾ ಕಲಸಿಹೋಗುತ್ತದೆ. ಇದರಲ್ಲಿ ಜಗಳ ಎಲ್ಲಿದೆ?

ಇನ್ನೊಂದು ಬಗೆ ನೋಡಿ. ಎನ್ಇ2000 ನೆಟ್‌ವರ್ಕ್ ಕಾರ್ಡ್ ಹೆಕ್ಸ್ (16ರ ಆಧಾರದ ಎಣಿಕೆ) 300ರಿಂದ 31ಎಫ್‌ವರೆಗೆ 32 ಅಡ್ರೆಸ್ ಹಿಡಿಯುತ್ತದೆ. ಬೇರೊಂದು ಕಾರ್ಡನ್ನು 310ಕ್ಕೆ ಇಟ್ಟರೆ ಆರಂಭದ ಅಂಕಿ ಬೇರೆಯೇ ಕಾಣುತ್ತದೆ. ಆದರೆ ಒಂದರ ಜಾಗದೊಳಗೆ ಇನ್ನೊಂದು ಬಂದು ಕೂತಿರುತ್ತದೆ. ಇದನ್ನು ಬರೆಯುವಾಗ ‘ಒತ್ತುವರಿ’ ತಾನಾಗಿಯೇ ಬಂತು. ಬದು ದಾಟಿ ಪಕ್ಕದ ಹೊಲಕ್ಕೆ ನುಗ್ಗಿದ ಹಾಗೆ. ಎಷ್ಟು ಜಾಗ ಅನ್ನುವ ಲೆಕ್ಕವೂ ಆ ಪದದಲ್ಲೇ ಇದೆ. ನನಗಂತೂ ಬಹಳ ಇಷ್ಟವಾಯಿತು.

ತೊಡಕು ಎರಡು. ಒತ್ತುವರಿಯಲ್ಲಿ ಒಬ್ಬ ತಪ್ಪಿತಸ್ಥ ಇರುತ್ತಾನೆ. ಇಲ್ಲಿ ಹೆಚ್ಚಾಗಿ ತಪ್ಪು ಸೆಟ್ಟಿಂಗ್‌ನದು. ವಿಂಡೋಸ್ 95ರ ಡಿವೈಸ್ ಮ್ಯಾನೇಜರ್‌ನಲ್ಲಿ ಆಟೊಮ್ಯಾಟಿಕ್ ಸೆಟ್ಟಿಂಗ್‌ನ ಗುರುತು ತೆಗೆದು ಅಡ್ರೆಸ್ಸನ್ನು ಕೈಯಾರೆ ಕೊಟ್ಟರೆ, ಅದು ಅಲ್ಲೇ ಗಟ್ಟಿಯಾಗಿ ಕೂರುತ್ತದೆ. ಮುಂದೆ ಹೊಸ ಕಾರ್ಡ್‌ಗೆ ಜಾಗ ಬೇಕಾದರೂ ಸಿಸ್ಟಮ್ ಅದನ್ನು ಸರಿಸುವುದಿಲ್ಲ. ಕಾರ್ಡ್ ಪಾಪ, ಏನೂ ಮಾಡಿಲ್ಲ. ಎರಡನೆಯದು ಕ್ರಿಯಾಪದ. ‘ಈ ಕಾರ್ಡ್ ಆ ಅಡ್ರೆಸ್ಸನ್ನು ಒತ್ತಿದೆ’ ಅಂದರೆ ಕಂಪ್ಯೂಟರ್ ಓದುಗರಿಗೆ ಕೀಲಿ ಒತ್ತಿದ ಹಾಗೆ ಕೇಳಿಸುತ್ತದೆ.

‘ಡಿಕ್ಕಿ’ ಕೂಡ ಯೋಚಿಸಿದೆ. ಆದರೆ ಈಥರ್ನೆಟ್ ತಂತಿಯಲ್ಲಿ ಎರಡು ಸಂದೇಶ ಒಟ್ಟಿಗೆ ಬಂದು ಕೆಡುವುದಕ್ಕೆ ಅದು ಬೇಕು. ‘ತಾಕಲಾಟ’ ಈಗ ಮನಸ್ಸಿನ ಗೊಂದಲಕ್ಕೇ ಜಾಸ್ತಿ ಬಳಕೆ.

ಇನ್ನೊಂದು ಮಾತು. ಐಎಸ್ಎ ನಂತರ ಬಂದ ಪಿಸಿಐ ಸ್ಲಾಟ್‌ನ ಕಾರ್ಡ್‌ಗಳು ಒಂದೇ ಐಆರ್‌ಕ್ಯೂ ನಂಬರನ್ನು (ಪ್ರೊಸೆಸರ್‌ನ ಗಮನ ಸೆಳೆಯಲು ಕಾರ್ಡ್ ಬಳಸುವ ನಂಬರ್) ಹಂಚಿಕೊಳ್ಳಬಹುದು. ಅದು ತಪ್ಪಲ್ಲ. ಹಾಗಾಗಿ ಸುಮ್ನೆ ‘ಒಂದೇ ನಂಬರ್ ಬಂದಿದೆ’ ಅಂತ ಬರೆದರೂ ಸಾಲದು.

‘ಅಡ್ರೆಸ್ ಒತ್ತುವರಿ’ ನಿಮ್ಮ ಕಿವಿಗೆ ಹೇಗಿದೆ? ಯಾರ ಮೇಲೂ ತಪ್ಪು ಹೊರಿಸದ, ಕ್ರಿಯಾಪದವಾಗಿಯೂ ಸಲೀಸಾಗಿ ನಡೆಯುವ ಬೇರೆ ಪದ ನಿಮ್ಮ ಬಳಕೆಯಲ್ಲಿ ಇದ್ದರೆ ದಯವಿಟ್ಟು ವಾಕ್ಯದ ಸಮೇತ ತಿಳಿಸಿ.