ಸಹಾಯ ಬೇಕು: ನೆರೆ ಇಳಿಯಿತು, ಸೊಳ್ಳೆ ಏರಿತು

ಎಲ್ಲರಿಗೂ ನಮಸ್ಕಾರ. ಬಾದಾಮಿ ತಾಲ್ಲೂಕಿನಲ್ಲಿ ಮಲಪ್ರಭೆಯ ದಂಡೆಯ ಊರು ನಮ್ಮದು. 2009ರ ನೆರೆಯನ್ನೂ ಕಂಡವರು ನಾವು. ಈ 2019ರ ಆಗಸ್ಟ್‌ನಲ್ಲಿ ಹೊಳೆ ಮತ್ತೆ ಮನೆಯೊಳಗೆ ಬಂತು. ನೀರು ಇಳಿದು 15 ದಿನವಾಯಿತು. ಅಕ್ಕಿ, ಬಟ್ಟೆ ಸಾಕಷ್ಟು ಬಂದಿವೆ, ಕೊಟ್ಟವರಿಗೆ ಕೈಮುಗಿಯುತ್ತೇವೆ. (ಸೀರೆಗಳ ರಾಶಿ ಹಾಗೆಯೇ ಬಿದ್ದಿದೆ, ದಯವಿಟ್ಟು ಇನ್ನು ಸೀರೆ ಬೇಡ.)

ಈಗಿನ ಸಂಕಟ ಸೊಳ್ಳೆ. ಟ್ಯಾಂಕರ್ ನೀರನ್ನು ಶೆಡ್ಡಿನ ಮುಂದೆ ಡ್ರಮ್ಮುಗಳಲ್ಲಿ ತುಂಬಿಡುತ್ತೇವೆ. ನಿನ್ನೆ ಒಂದು ತಂಬಿಗೆ ನೀರನ್ನು ಬಿಳಿ ತಟ್ಟೆಗೆ ಸುರಿದು ನೋಡಿದೆ. ತಲೆಕೆಳಗಾಗಿ ತೂಗಾಡುವ ಹುಳುಗಳು, ಸೊಳ್ಳೆಯ ಮರಿಗಳು. ಬೆರಳಿನ ನೆರಳು ಬಿದ್ದರೆ ಸಾಕು, ನುಲಿಯುತ್ತ ತಳ ಸೇರುತ್ತವೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಕೊಳಚೆಗಿಂತ ಇಂತಹ ತಿಳಿನೀರೇ ಇಷ್ಟ. ಮೊಟ್ಟೆಯಿಂದ ರೆಕ್ಕೆ ಮೂಡಲು ಎಂಟು ಹತ್ತು ದಿನ ಸಾಕು. ಅದು ಕಚ್ಚುವುದು ಹೆಚ್ಚಾಗಿ ಹಗಲಿನಲ್ಲಿ, ನಾವೋ ಕತ್ತಲಾದ ಮೇಲೆ ಬೇವಿನ ಸೊಪ್ಪಿನ ಹೊಗೆ ಹಾಕಿ ಕುಳಿತಿದ್ದೇವೆ.

ಡ್ರಮ್ಮಿನ ಬಾಯಿಗೆ ಬಿಗಿಯಲು ಹಳೆಯ ಧೋತರ, ರಬ್ಬರ್ ಪಟ್ಟಿ ಬೇಕು. ಹಗಲು ಮಲಗುವ ಕೂಸುಗಳಿಗೆ 40 ಸೊಳ್ಳೆಪರದೆ ಬೇಕು. ಊರ ಬಾವಿಗೆ ಈ ಮರಿಗಳನ್ನು ತಿನ್ನುವ ಗಪ್ಪಿ ಮೀನು ಬಿಡಲು ಬಲ್ಲವರು ಬಂದರೆ ಊಟ ನಮ್ಮದು, ರೊಟ್ಟಿ ಚಟ್ನಿ.

ಎಲ್ಲಕ್ಕಿಂತ ಅವಸರದ್ದು ಇದು: ಪಕ್ಕದ ಶೆಡ್ಡಿನ ಹುಡುಗಿಗೆ ಮೂರು ದಿನದಿಂದ ಜ್ವರ, ಕಣ್ಣಿನ ಹಿಂದೆ ನೋವು. ಯಾರೋ ಐಬುಪ್ರೊಫೆನ್ ಎಂಬ ನೋವಿನ ಮಾತ್ರೆ ಕೊಟ್ಟಿದ್ದರು. ಡೆಂಗಿಯಾದರೆ ಅದರಿಂದ ರಕ್ತಸ್ರಾವದ ಅಪಾಯವಿದೆ ಎಂದು ತೆಗೆದಿಟ್ಟೆ. ನಾಳೆ ಬೆಳಿಗ್ಗೆ ರಕ್ತ ಪರೀಕ್ಷೆಗೆ ಬಾದಾಮಿಗೆ ಕರೆದೊಯ್ಯಬೇಕು. ಕಾರು ಇರುವವರು ಇಲ್ಲಿಯೇ ತಿಳಿಸಿ, ರಾತ್ರಿ ಎಷ್ಟು ಹೊತ್ತಾದರೂ ನೋಡುತ್ತಿರುತ್ತೇನೆ.