‘ಇನ್‌ಕ್ರೆಟಿನ್’ ಮತ್ತು ‘ಇನ್‌ಕ್ರೆಟಿನ್ ಎಫೆಕ್ಟ್’: ಕನ್ನಡದಲ್ಲಿ ಏನೆನ್ನಬಹುದು?

ಮಾನ್ಯರೇ,

ಮಧುಮೇಹದ ಬರಹಗಳಲ್ಲಿ ಬರುವ ‘ಇನ್‌ಕ್ರೆಟಿನ್’ ಎಂಬುದನ್ನು ‘ಕರುಳಿನ ಹಾರ್ಮೋನು’ ಎಂದು ಬರೆದರೆ ಸಾಕೇ? ಸಾಲದೆಂದು ನನ್ನ ಅನಿಸಿಕೆ. ಸೆಕ್ರೆಟಿನ್, ಕೊಲಿಸಿಸ್ಟೊಕೈನಿನ್‌ಗಳೂ ಕರುಳಿನವೇ, ಆದರೆ ಅವುಗಳ ಮುಖ್ಯ ಕೆಲಸ ಜೀರ್ಣರಸ ಮತ್ತು ಪಿತ್ತರಸಗಳಿಗೆ ಸಂಬಂಧಿಸಿದ್ದು. ಇನ್‌ಕ್ರೆಟಿನ್ ಎನಿಸಿಕೊಳ್ಳಬೇಕಾದರೆ ಅದು ಆಹಾರ ಕರುಳನ್ನು ತಲುಪಿದೊಡನೆ ರಕ್ತಕ್ಕೆ ಸೇರಿ, ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳು ಹೆಚ್ಚು ಇನ್ಸುಲಿನ್ ಸ್ರವಿಸುವಂತೆ ಮಾಡಬೇಕು, ಅದೂ ರಕ್ತದಲ್ಲಿ ಗ್ಲೂಕೋಸ್ ಏರಿರುವಾಗ ಮಾತ್ರ. ಸಣ್ಣಕರುಳಿನ ಮೇಲ್ಭಾಗದ ಕೆ ಕೋಶಗಳಿಂದ ಬರುವ ಜಿಐಪಿ ಮತ್ತು ಹೆಚ್ಚಾಗಿ ಅದರ ಕೆಳಭಾಗದಲ್ಲಿಯೂ ದೊಡ್ಡಕರುಳಿನಲ್ಲಿಯೂ ಇರುವ ಎಲ್ ಕೋಶಗಳಿಂದ ಬರುವ ಜಿಎಲ್‌ಪಿ-1, ಈ ಎರಡು ಹಾರ್ಮೋನುಗಳನ್ನೇ ಹಾಗೆ ಕರೆಯುವುದು.

‘ಇನ್ಸುಲಿನ್ ಚೋದಕ’ ಎನ್ನೋಣವೆಂದರೆ ಗ್ಲೂಕೋಸ್ ಇಳಿದಿದ್ದರೂ ಇನ್ಸುಲಿನ್ ಹೊರಡಿಸಬಲ್ಲ ಸಲ್ಫೊನೈಲ್‌ಯೂರಿಯ ಎಂಬ ಮಧುಮೇಹದ ಮಾತ್ರೆಗಳೂ ಅದರೊಳಗೆ ಬಂದುಬಿಡುತ್ತವೆ. ‘ಕರುಳುಚೋದನಿ’ ಅಡಕವಾಗಿದೆಯಾದರೂ ಸಮಾಸವನ್ನು ಬಿಡಿಸಿದವರಿಗೆ ಕರುಳನ್ನೇ ಚೋದಿಸುವಂಥದ್ದು ಎಂಬ ತಲೆಕೆಳಗಾದ ಅರ್ಥ ಹೊಳೆದೀತು. 1930ರ ಸುಮಾರಿಗೆ ಬೆಲ್ಜಿಯಂನ ವಿಜ್ಞಾನಿ ಲಾ ಬಾರ್ ಬಳಕೆಗೆ ತಂದ ಮೂಲ ಹೆಸರನ್ನೇ ಉಳಿಸಿಕೊಂಡು, ಮೊದಲ ಸಲ ಬಂದಲ್ಲಿ ಒಂದು ವಿವರಣೆ ಕೊಡುವುದೇ ಲೇಸು.

ನನ್ನ ನಿಜವಾದ ತೊಡಕು ‘ಇನ್‌ಕ್ರೆಟಿನ್ ಎಫೆಕ್ಟ್’ ಎಂಬುದರದು. ಗ್ಲೂಕೋಸನ್ನು ಬಾಯಿಯ ಮೂಲಕ ಕೊಟ್ಟಾಗ ಹೊರಬರುವ ಇನ್ಸುಲಿನ್, ಅದನ್ನೇ ರಕ್ತನಾಳಕ್ಕೆ ನೇರವಾಗಿ ಕೊಟ್ಟಾಗ ಬರುವುದಕ್ಕಿಂತ ಹೆಚ್ಚೆಂದು 1964ರಲ್ಲಿ ಅಳೆದು ತೋರಿಸಲಾಯಿತು. ರಕ್ತದ ಗ್ಲೂಕೋಸ್ ಮಟ್ಟ ಎರಡೂ ಬಾರಿ ಒಂದೇ ಆಗಿರುವಂತೆ ನೋಡಿಕೊಂಡರೂ ಈ ಅಂತರ ಉಳಿಯುತ್ತದೆ. ಆ ಅಂತರಕ್ಕೇ ಈ ಹೆಸರು. ‘ಇನ್‌ಕ್ರೆಟಿನ್ ಪರಿಣಾಮ’ ಎಂದು ಬರೆದರೆ ಓದುಗರು ಆ ಹಾರ್ಮೋನು ಮಾಡುವ ಕೆಲಸವನ್ನೆಲ್ಲ ಅದರಲ್ಲಿ ಸೇರಿಸಿಕೊಳ್ಳುತ್ತಾರೆ. ಜಿಎಲ್‌ಪಿ-1 ಜಠರ ಬರಿದಾಗುವುದನ್ನು ನಿಧಾನಿಸುತ್ತದೆ, ರಕ್ತದ ಸಕ್ಕರೆಯನ್ನು ಏರಿಸುವ ಗ್ಲುಕಗಾನ್ ಹಾರ್ಮೋನಿನ ಸ್ರಾವವನ್ನು ತಗ್ಗಿಸುತ್ತದೆ, ಹಸಿವನ್ನೂ ಕುಗ್ಗಿಸುತ್ತದೆ. ಸಕ್ಕರೆಯ ಹತೋಟಿಗೆ ಇವೆಲ್ಲ ನೆರವಾದರೂ ಈ ಪಾರಿಭಾಷಿಕ ಪದದ ವ್ಯಾಪ್ತಿಗೆ ಬರುವುದಿಲ್ಲ. ‘ಇನ್‌ಕ್ರೆಟಿನ್ ಹೆಚ್ಚಳ’ ಎಂದರೆ ಹಾರ್ಮೋನಿನ ಮಟ್ಟವೇ ಏರಿದೆ ಎಂದಾಗುತ್ತದೆ.

‘ಇನ್‌ಕ್ರೆಟಿನ್ ಪಾಲು’ ಎಂದರೆ ಹೇಗೆ? ‘ಆರೋಗ್ಯವಂತರಲ್ಲಿ ಗ್ಲೂಕೋಸ್ ಕುಡಿದ ಬಳಿಕ ಸ್ರವಿಸುವ ಇನ್ಸುಲಿನ್‌ನಲ್ಲಿ ಇನ್‌ಕ್ರೆಟಿನ್ ಪಾಲು ಸುಮಾರು ಶೇ. 50ರಿಂದ 70, ಎರಡನೆಯ ಬಗೆಯ ಮಧುಮೇಹದಲ್ಲಿ ಅದು ತಗ್ಗಿರುತ್ತದೆ’ ಎಂಬ ವಾಕ್ಯ ನನಗೆ ಸಹಜವಾಗಿಯೇ ಕೇಳಿಸುತ್ತದೆ. ವೈದ್ಯಬರಹದಲ್ಲಿ ಪಳಗಿದವರು ಇದರಲ್ಲಿ ದೋಷ ಕಂಡರೆ ದಯವಿಟ್ಟು ತಿಳಿಸಬೇಕು.