ಬ್ಯಾಂಡ್‌ಗೆ ಸೇರಿದ ಮಗಳಿಗೆ ಕ್ಲಾರಿನೆಟ್: ಬಾಡಿಗೆಗೋ, ಸ್ವಂತಕ್ಕೋ?

ಪ್ರಶ್ನೆ: ನಮಸ್ಕಾರ ಸರ್. ಹತ್ತು ವರ್ಷದ ಮಗಳು ಶಾಲೆಯ ಬ್ಯಾಂಡ್‌ಗೆ ಸೇರಿದ್ದಾಳೆ. ಅವಳಿಗೆ ಕ್ಲಾರಿನೆಟ್ ಕೊಡಿಸಬೇಕು. ಬಾಡಿಗೆ ಕಟ್ಟಿದರೆ ದುಡ್ಡು ಸುಮ್ನೆ ಹೋಗುತ್ತದೆ, ಆನ್‌ಲೈನ್‌ನಲ್ಲಿ ಕಡಿಮೆ ಬೆಲೆಗೆ ಹೊಸದೇ ಸಿಗುತ್ತದಲ್ಲ ಅನ್ನುತ್ತಾರೆ ನಮ್ಮನೆಯವರು. ನೀವು ವಾದ್ಯ ರಿಪೇರಿ ಮಾಡುವವರು, ಏನು ಹೇಳುತ್ತೀರಿ?

ಉತ್ತರ: ಮೇಡಂ, ಮೊದಲ ವರ್ಷ ಬಾಡಿಗೆಗೇ ತನ್ನಿ. ಆದರೆ ರಿಪೇರಿಯೂ ಬಾಡಿಗೆಯಲ್ಲೇ ಸೇರಿರುವ ಕಡೆ ತನ್ನಿ.

ಕಾರಣ ಇದೆ. ಕ್ಲಾರಿನೆಟ್‌ನ ಕೀಗಳ ಅಡಿಯಲ್ಲಿ ಮೆತ್ತನೆಯ ಪ್ಯಾಡ್‌ಗಳಿರುತ್ತವೆ. ಒಂದೇ ಒಂದು ಪ್ಯಾಡ್ ಕೂದಲೆಳೆಯಷ್ಟು ಎದ್ದು ನಿಂತರೂ ಗಾಳಿ ಸೋರುತ್ತದೆ. ಕೆಳಗಿನ ಸ್ವರಗಳು ಹೊರಡುವುದಿಲ್ಲ, ಇಲ್ಲವೇ ಕೀಚು ದನಿ ಬರುತ್ತದೆ. ಮಗು ತಪ್ಪು ತನ್ನದೇ ಅಂದುಕೊಂಡು ಇನ್ನೂ ಜೋರಾಗಿ ಊದುತ್ತದೆ. ಆಮೇಲೆ "ನನಗೆ ಬರಲ್ಲ" ಅಂತ ಬಿಟ್ಟುಬಿಡುತ್ತದೆ. ಇದು ನನಗೆ ತುಂಬಾ ಬೇಸರದ ಸಂಗತಿ. ವಾದ್ಯ ಸರಿಯಿದ್ದಿದ್ದರೆ ಆ ಮಗು ನುಡಿಸುತ್ತಿತ್ತು, ಅಲ್ವಾ?

ತೀರಾ ಅಗ್ಗದ ಹೊಸ ವಾದ್ಯ ಬೇಡವೇ ಬೇಡ. ಕೀಗಳ ಲೋಹ ಮೆದು, ಜೋಡಿಸುವಾಗ ಕೈ ಒತ್ತಿದರೂ ಬಗ್ಗುತ್ತವೆ. ಬಿಡಿಭಾಗ ಸಿಗುವುದಿಲ್ಲ. ಹಾಗಂತ ಪ್ಲಾಸ್ಟಿಕ್ ಅಂದ ಕೂಡಲೇ ಹೆದರಬೇಡಿ. ಒಳ್ಳೆಯ ಕಂಪನಿಗಳೂ ಕಲಿಯುವವರಿಗೆ ಎಬಿಎಸ್ ಪ್ಲಾಸ್ಟಿಕ್‌ನಲ್ಲೇ ಮಾಡುತ್ತವೆ. ಮರದ್ದಾದರೆ ಚಳಿಯಲ್ಲಿಟ್ಟು ತಕ್ಷಣ ಊದಿದರೆ ಬಿರುಕು ಬಿಡಬಹುದು. ಮಕ್ಕಳ ಕೈಗೆ ಪ್ಲಾಸ್ಟಿಕ್ಕೇ ವಾಸಿ.

ಮೌತ್‌ಪೀಸ್ ಮಾತ್ರ ಸ್ವಂತಕ್ಕೆ ಕೊಳ್ಳಿ. ಬಾಯಿಗಿಡುವ ವಸ್ತು, ಮೇಲಾಗಿ ದನಿ ಸುಧಾರಿಸುವುದೂ ಅದರಿಂದಲೇ ಜಾಸ್ತಿ. ರೀಡ್, ಅಂದರೆ ಮೌತ್‌ಪೀಸ್‌ಗೆ ಕಟ್ಟುವ, ಊದಿದಾಗ ಅದುರುವ ತೆಳು ಪಟ್ಟಿ, 2 ಅಥವಾ 2.5 ನಂಬರಿನದು ಸಾಕು, ಟೀಚರ್ ಬೇರೆ ಹೇಳಿದರೆ ಅವರ ಮಾತು ಕೇಳಿ. ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲು ಮೂರು ಮಾತು ಕೇಳಿಕೊಳ್ಳಿ: ಕಟ್ಟಿದ ಬಾಡಿಗೆ ಕೊಳ್ಳುವಾಗ ಬೆಲೆಯಲ್ಲಿ ಕಳೆಯುತ್ತಾರಾ, ನಡುವೆ ವಾಪಸ್ ಕೊಡಬಹುದಾ, ಮಗಳು ಬೇರೆ ವಾದ್ಯ ಬೇಕು ಅಂದರೆ ಬದಲಿಸಿಕೊಡುತ್ತಾರಾ.

ಪ್ರಶ್ನೆ: ಚಿಕ್ಕಪ್ಪನ ಹಳೆಯ ಕ್ಲಾರಿನೆಟ್ ಒಂದು ಪೆಟ್ಟಿಗೆಯಲ್ಲಿದೆ ಸರ್. ಅದನ್ನೇ ಕೊಟ್ಟರೆ?

ಉತ್ತರ: ಪರೀಕ್ಷೆ ಮಾಡಿ ನೋಡಿ. ಕೀಗಳಿರುವ ಎರಡು ತುಂಡುಗಳಲ್ಲಿ ಮೇಲಿನದನ್ನು ಮಾತ್ರ ಬಿಚ್ಚಿಕೊಳ್ಳಿ. ಬಾಯಿಗೆ ತಾಗುವ ಕಡೆ ಚೆನ್ನಾಗಿ ಒರೆಸಿ. ಎಡಗೈ ಬೆರಳುಗಳಿಂದ ಮುಂದಿನ ಮೂರು ತೂತು, ಹೆಬ್ಬೆರಳಿನಿಂದ ಹಿಂದಿನದು ಮುಚ್ಚಿ. ಕೆಳಗಿನ ಬಾಯಿಯನ್ನು ಬಲ ಅಂಗೈಯಿಂದ ಒತ್ತಿ ಹಿಡಿದು ಮೇಲಿಂದ ಗಾಳಿ ಹೀರಿ. ಹೀರಿದ್ದು ಕೆಲವು ಸೆಕೆಂಡ್ ಬಿಗಿಯಾಗಿ ನಿಂತರೆ ಪ್ಯಾಡ್‌ಗಳು ಪರವಾಗಿಲ್ಲ. ಕೂಡಲೇ ಸಡಿಲವಾದರೆ ಎಲ್ಲೋ ಸೋರುತ್ತಿದೆ. ಎಷ್ಟೋ ವರ್ಷ ಮುಚ್ಚಿಟ್ಟ ವಾದ್ಯದಲ್ಲಿ ಪ್ಯಾಡ್ ಒಣಗಿ, ಕಾರ್ಕ್ ಉದುರುವುದು ಮಾಮೂಲು. ರಿಪೇರಿಗೆ ಎಷ್ಟಾಗುತ್ತದೆ ಅಂತ ಕೇಳಿ, ಒಂದು ವರ್ಷದ ಬಾಡಿಗೆ ಜೊತೆ ಹೋಲಿಸಿ ತೀರ್ಮಾನ ಮಾಡಿ.

ಇನ್ನೊಬ್ಬರ ಪ್ರಶ್ನೆ: ನಮ್ಮ ಹುಡುಗನ ಬಾಡಿಗೆ ಟ್ರಂಪೆಟ್‌ನಲ್ಲಿ ಮೌತ್‌ಪೀಸ್ ಸಿಕ್ಕಿಹಾಕಿಕೊಂಡಿದೆ. ಇಕ್ಕಳದಲ್ಲಿ ತಿರುಗಿಸಲಾ?

ಉತ್ತರ: ದಯವಿಟ್ಟು ಬೇಡ. ಮೌತ್‌ಪೀಸ್ ಕೂರುವ ಕೊಳವೆ ತಿರುಚಿಕೊಂಡು ಬೆಸುಗೆ ಬಿಟ್ಟರೆ ನಿಮ್ಮ ತಲೆಗೇ ಬರುತ್ತದೆ. ಇದನ್ನು ಕೀಳಲೆಂದೇ ರಿಪೇರಿಯವರ ಹತ್ತಿರ ಒಂದು ಸಾಧನ ಇರುತ್ತದೆ, ಎರಡು ನಿಮಿಷದ ಕೆಲಸ. ನಾಳೆಯೇ ಬಾಡಿಗೆ ಕೊಟ್ಟವರ ಬಳಿ ಒಯ್ಯಿರಿ.